ಯಾವುದು ಮೊದಲು ಏಳುತ್ತದೆ

ಚಟ್ ಪಟ್, ಚಟ್ ಪಟ್, ಆಮೇಲೆ ಒಂದು ಸಣ್ಣ ಸರ್ರ್. ಮಧ್ಯಾಹ್ನ ಊಟ ಮುಗಿಸಿ ಮಂಚದ ಮೇಲೆ ಕಾಲು ಚಾಚುವ ಹೊತ್ತಿಗೆ ಸರಿಯಾಗಿ ನಮ್ಮ ತಲೆಯ ಮೇಲೆ ಈ ಸದ್ದು ಶುರುವಾಗುತ್ತಿತ್ತು. ಹವಾಯಿ ಚಪ್ಪಲಿ ಹಾಕಿಕೊಂಡು ಟೆರೇಸಿನ ಈ ತುದಿಯಿಂದ ಆ ತುದಿಗೆ ಒಬ್ಬರು ನಡೆಯುವ ಸದ್ದು. ತಿರುಗುವಲ್ಲಿ ಒಂದು ಕಾಲು ಎಳೆದ ಹಾಗಾಗುವುದೇ ಆ ಸರ್ರ್.

"ಏನೇ ಇದು, ಮೇಲೆ ಪರೇಡಾ?" ಎಂದು ನಮ್ಮವರು ಮೊದಮೊದಲು ಸಿಡುಕುತ್ತಿದ್ದರು. ಬರುಬರುತ್ತಾ ಅದೇ ಅವರಿಗೆ ತಮಾಷೆಯಾಯಿತು. "ನಿನ್ನ ಮೇಡಂ ಇಷ್ಟು ಹೊತ್ತಿಗೆ ರಾಮನಗರ ದಾಟಿರ್ತಾರೆ ಕಣೇ. ಕಾಫಿ ಟೈಮಿಗೆ ಮೈಸೂರು."

ನಿಜವಾಗಿ ನಿದ್ದೆ ಕೆಡುತ್ತಿದ್ದುದು ಆ ಸದ್ದು ಥಟ್ಟನೆ ನಿಂತಾಗ. ಫ್ಯಾನ್ ನಿಂತರೆ ಎಚ್ಚರವಾಗುವುದಿಲ್ಲವೇ, ಹಾಗೆ. ನಿಂತಿತು ಎಂದರೆ ಮೇಡಂಗೆ ಏನೋ ಹೊಳೆದಿದೆ ಎಂದರ್ಥ, ಇನ್ನೇನು ಮೆಟ್ಟಿಲು ಇಳಿದು ಬಂದು ನಮ್ಮ ಅಡುಗೆಮನೆ ಬಾಗಿಲಲ್ಲಿ ನಿಲ್ಲುತ್ತಾರೆ, "ಅಕ್ಕಾರ, ಒಂದ್ ಮಾತು ಕೇಳ್ಲೇನ್ರಿ?" ಎನ್ನುತ್ತಾರೆ.

ಹೋದ ತಿಂಗಳು ಅವರ ತಂಗಿಯ ಮಗ ಫೋನಿಗೆ ಮೆಸೇಜ್ ಕಳಿಸಿದ. ದೊಡ್ಡಮ್ಮ ತೀರಿಹೋದರು, ನಿಮ್ಮ ನಂಬರ್ ಅವರ ಮೊಬೈಲಿನಲ್ಲಿತ್ತು, ಅದಕ್ಕೇ ತಿಳಿಸುತ್ತಿದ್ದೇನೆ ಎಂದು. ಅವತ್ತಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಎರಡೂ ಮಂಡಿಗೆ ಆಪರೇಷನ್ ಆದವಳು, ಮೆಟ್ಟಿಲು ಹತ್ತಬೇಡಿ ಅಂತ ಡಾಕ್ಟರ ಅಪ್ಪಣೆಯಾಗಿದೆ. ಆದರೂ ರೇಲಿಂಗ್ ಹಿಡಿದು ಟೆರೇಸಿಗೆ ಹೋಗುತ್ತೇನೆ. ಹೋಗಿ ಮಾಡುವುದೇನು? ಒಂದು ಸುತ್ತು ಹಾಕಿ ಇಳಿದು ಬರುತ್ತೇನೆ. ಬಂದು ಕೂತರೆ ಮತ್ತೆ ಅದೇ ಚಡಪಡಿಕೆ. ಚಿಕ್ಕಂದಿನಲ್ಲಿ ಕಾನ್ವೆಂಟಿನ ಸಿಸ್ಟರ್ "ಡೋಂಟ್ ಫಿಜೆಟ್, ಚೈಲ್ಡ್" ಎಂದು ಗದರುತ್ತಿದ್ದರು. ಈಗ ಗದರುವವರೂ ಇಲ್ಲ.

ಅವರ ಹೆಸರು ಇಲ್ಲಿ ಬೇಡ. ಬೀದಿಯಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದವರಲ್ಲ. ಬಸವೇಶ್ವರನಗರದ ನಮ್ಮ ಮನೆಯ ಮಹಡಿಯ ಮೇಲಿನ ಒಂಟಿ ರೂಮಿಗೆ ಬಾಡಿಗೆಗೆ ಬಂದವರು, ಹೇರೋಹಳ್ಳಿ ಆಚೆಯ ಒಂದು ಕಾಲೇಜಿನಲ್ಲಿ ಮ್ಯಾಥ್ಸ್ ಕಲಿಸುತ್ತಿದ್ದವರು. ಹಾಗಾಗಿ ಮ್ಯಾಥ್ಸ್ ಮೇಡಂ. ಊರು ಬಾಗಲಕೋಟೆ ಕಡೆ. ಮದುವೆ ಆಗಿರಲಿಲ್ಲ. ಯಾಕೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ರಿಟೈರ್ ಆಗುವುದಕ್ಕೆ ಸ್ವಲ್ಪ ವರ್ಷ ಇದೆ ಎನ್ನುವಾಗ, ಬೇರೆಯವರು ಸೈಟು, ಮನೆ ಎಂದು ಓಡಾಡುವ ವಯಸ್ಸಿನಲ್ಲಿ, ಇವರು ಪಿಎಚ್.ಡಿ.ಗೆ ರಿಜಿಸ್ಟರ್ ಮಾಡಿಸಿಕೊಂಡಿದ್ದರು.

ಅವರು ಕೂತದ್ದನ್ನು ನೋಡಿದವರು ಕಡಿಮೆ. ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಕಂಬ ಹಿಡಿದು ನಿಲ್ಲುತ್ತಿದ್ದರಂತೆ. ನಮ್ಮ ಮನೆಗೆ ಬಂದರೂ ಅಷ್ಟೇ. "ಕೂತ್ಕೊಳ್ಳಿ ಮೇಡಂ" ಅಂದರೆ "ಹ್ಞೂಂ ಹ್ಞೂಂ" ಅನ್ನುತ್ತಾ ಕಾಫಿ ಲೋಟ ಹಿಡಿದುಕೊಂಡು ಹಾಲಿನಲ್ಲೇ ನಾಲ್ಕು ಹೆಜ್ಜೆ ಅತ್ತ, ನಾಲ್ಕು ಹೆಜ್ಜೆ ಇತ್ತ. ಸೀರೆಯ ಸೆರಗಿನಲ್ಲಿ ಸದಾ ಸೀಮೆಸುಣ್ಣದ ಪುಡಿ. ಟೆರೇಸಿನ ಸಿಮೆಂಟ್ ಟ್ಯಾಂಕಿನ ಗೋಡೆಯೇ ಅವರ ಬ್ಲ್ಯಾಕ್‌ಬೋರ್ಡ್. ನಾನು ಬಟ್ಟೆ ಒಣಗಿಸಲು ಹೋದರೆ ನಮ್ಮವರ ಬನಿಯನ್ನಿನ ಹಿಂದೆ ಇಂಟೆಗ್ರಲ್ ಸೈನುಗಳು ಕಾಣುತ್ತಿದ್ದವು. ಮಳೆ ಬಂದರೆ ಎಲ್ಲಾ ಹೋಗುತ್ತಿತ್ತು. "ಅಯ್ಯೋ, ಅಳಿಸಿಹೋಯ್ತಲ್ಲ ಮೇಡಂ" ಎಂದರೆ, "ತಪ್ಪ ಇತ್ರಿ ಅದು, ಹೋಗಲಿ ಬಿಡ್ರಿ" ಎನ್ನುತ್ತಿದ್ದರು. ಯಾರು ಏನೇ ಖಚಿತವಾಗಿ ಹೇಳಲಿ, ಇವತ್ತು ಮಳೆ ಬರುತ್ತದೆ ಎನ್ನಲಿ, ಈ ಸಲ ನಮ್ಮ ವಾರ್ಡಿನಲ್ಲಿ ಇಂಥವರೇ ಗೆಲ್ಲುತ್ತಾರೆ ಎನ್ನಲಿ, ಅವರದ್ದು ಒಂದೇ ಉತ್ತರ: "ಹಂಗಂತೀರಿ? ನೋಡೂಣ್ರಿ."

ಪಿಎಚ್.ಡಿ. ಯಾವುದರ ಮೇಲೆ ಎಂದು ಕೇಳಿದಾಗ ಅವರು ಕೊಟ್ಟ ಉತ್ತರ ಕೇಳಿ ನಾನು ಒಗ್ಗರಣೆ ಸೀಯಿಸಿಬಿಟ್ಟೆ. "ಕುರಿ ಓವರೀರಿ ಅಕ್ಕಾರ."

ನಾನು ರಾಜಾಜಿನಗರದ ಒಂದು ಹುಡುಗಿಯರ ಕಾಲೇಜಿನಲ್ಲಿ ಜೂವಾಲಜಿ ಕಲಿಸಿ ನಿವೃತ್ತಳಾದವಳು. ಓವರಿ, ಅಂದರೆ ಅಂಡಾಶಯ, ನನಗೆ ಹೊಸದಲ್ಲ. ಅದರಲ್ಲಿ ಮ್ಯಾಥ್ಸಿಗೇನು ಕೆಲಸ ಎಂಬುದು ಹೊಸದು. ಅವರು ಅಡುಗೆಮನೆಯ ಬಾಗಿಲಿನಿಂದ ಫ್ರಿಜ್ಜಿನವರೆಗೆ ನಡೆಯುತ್ತಾ ವಿವರಿಸಿದರು. ಕುರಿಯಾಗಲಿ, ನಾವಾಗಲಿ, ಹೆಣ್ಣು ಹುಟ್ಟುವಾಗಲೇ ಅದರ ಓವರಿಯೊಳಗೆ ಜೀವಮಾನಕ್ಕೆ ಬೇಕಾದ ಫಾಲಿಕಲ್‌ಗಳೆಲ್ಲ ಇರುತ್ತವೆ; ಫಾಲಿಕಲ್ ಎಂದರೆ ಒಂದೊಂದು ಮೊಟ್ಟೆಯನ್ನು ಸುತ್ತಿಕೊಂಡಿರುವ ಪುಟ್ಟ ಗೂಡು. ಎಲ್ಲವೂ ಮಲಗಿರುತ್ತವೆ. ಆಮೇಲೆ ಇಷ್ಟಿಷ್ಟಾಗಿ ಎದ್ದು ಬೆಳೆಯತೊಡಗುತ್ತವೆ. ಎದ್ದದ್ದು ಮತ್ತೆ ಮಲಗುವ ಹಾಗಿಲ್ಲ. ಸಾವಿರಾರು ಮಲಗಿರುವಾಗ ಇದೇ ಯಾಕೆ ಎದ್ದಿತು, ಪಕ್ಕದ್ದು ಯಾಕೆ ಏಳಲಿಲ್ಲ? ಎದ್ದವು ಪಕ್ಕದವಕ್ಕೆ "ನೀ ಇನ್ನಷ್ಟು ಮಲಗಿರು" ಎಂದು ಒಂದು ಹಾರ್ಮೋನಿನ ಮೂಲಕ ಹೇಳುತ್ತವೆ ಎಂದು ಬಯಾಲಜಿಯವರು ಹೇಳುತ್ತಾರೆ. ಆ ಮಾತು ಎಷ್ಟು ದೂರ ಕೇಳಿಸುತ್ತದೆ? ಅದನ್ನು ಈಕ್ವೇಶನ್ನಿನಲ್ಲಿ ಕಟ್ಟಿ, ಲೆಕ್ಕ ನಿಜವಾದ ಓವರಿಗೆ ಹೊಂದುತ್ತದೆಯೋ ಇಲ್ಲವೋ ನೋಡುವುದು ಅವರ ಕೆಲಸ.

"ನಮ್ಮಪ್ಪ ಕುರಿ ಕಾಯ್ತಿದ್ದ್ರಿ," ಎಂದರು. "ಹಿಂಡಿನ್ಯಾಗ ನಿಂತು, ಈ ವರ್ಷ ಇದು ಮರಿ ಹಾಕ್ತೈತಿ, ಅದು ಹಾಕಂಗಿಲ್ಲ ಅಂತ ಬಟ್ಟು ಮಾಡಿ ಹೇಳಾವ. ಸಾಕಷ್ಟು ಸಲ ತಪ್ಪತಿತ್ತು. ತಪ್ಪಿದಾಗ ನಗತಿದ್ದ. ನಂಗ ನಗು ಬರತಿರಲಿಲ್ಲ."

ಒಂದು ಮೊಳಕೆ ಕಾಳಿನ ಕತೆ ಹೇಳಬೇಕು. ಟೀಚರ್ ಚಟ, ನನಗೆ ಎಲ್ಲದಕ್ಕೂ ಒಂದು ಹೋಲಿಕೆ ಬೇಕು. ಅವರ ರೂಮಿನ ಕಿಟಕಿಯಲ್ಲಿ ಸದಾ ಮಡಕಿ ಕಾಳಿನ ಗಂಟು ತೂಗುತ್ತಿತ್ತು. ಅವರ ಕಡೆಯವರಿಗೆ ಮೊಳಕೆ ಪಲ್ಯವಿಲ್ಲದೆ ರೊಟ್ಟಿ ಇಳಿಯುವುದಿಲ್ಲ. "ಇದೇ ಅಲ್ವಾ ಮೇಡಂ ನಿಮ್ಮ ಫಾಲಿಕಲ್? ಕೆಲವು ಕಾಳು ಮೊಳಕೆ ಒಡೆದಿವೆ, ಕೆಲವು ಇಲ್ಲ" ಎಂದೆ ಖುಷಿಯಿಂದ. ಅವರು ಗಂಟು ಬಿಚ್ಚಿ ನೋಡಿದರು. ಬಹಳ ಹೊತ್ತು ನೋಡಿದರು. "ಇಲ್ರಿ ಅಕ್ಕಾರ. ಈ ಕಾಳು ಪಕ್ಕದ ಕಾಳಿಗೆ ಏನೂ ಹೇಳೂದಿಲ್ಲ" ಎಂದು ಮತ್ತೆ ಗಂಟು ಹಾಕಿದರು. ನನ್ನ ಮುಖ ಸಣ್ಣಗಾದದ್ದು ಕಂಡಿರಬೇಕು, ಸಂಜೆ ಒಂದು ಡಬ್ಬಿ ಪಲ್ಯ ಕಳಿಸಿದರು.

ಎದುರುಮನೆಯವರಿಗೆ ಅರ್ಧಂಬರ್ಧ ಕೇಳಿಸಿ, ನಮ್ಮ ಮಹಡಿಯ ಮೇಲೆ ಲೇಡಿ ಡಾಕ್ಟರ್ ಇದ್ದಾರೆ ಎಂದು ಸುದ್ದಿಯಾಯಿತು. ಎದುರುಮನೆಯಾಕೆ ಒಂದು ದಿನ ಮಗಳ ಸ್ಕ್ಯಾನಿಂಗ್ ರಿಪೋರ್ಟ್ ಹಿಡಿದುಕೊಂಡು ಮೇಡಂ ಅವರನ್ನು ಗೇಟಿನಲ್ಲೇ ಅಡ್ಡ ಹಾಕಿದರು. "ಮೇಡಂ, ಮದುವೆಯಾಗಿ ಇಷ್ಟು ವರ್ಷ ಆಯ್ತು. ಮೊಟ್ಟೆ ಕಮ್ಮಿ ಇದೆ ಅಂತಿದಾರೆ. ನೀವು ಲೆಕ್ಕ ಹಾಕ್ತೀರಂತಲ್ಲ, ಇನ್ನು ಎಷ್ಟು ವರ್ಷ ಟೈಮಿದೆ ಅಂತ ಹೇಳ್ಬಿಡಿ."

ಬೇರೆ ಯಾರಾದರೂ ಆಗಿದ್ದರೆ ನಕ್ಕು ಜಾರಿಕೊಳ್ಳುತ್ತಿದ್ದರು, ಇಲ್ಲವೇ ಏನೋ ಒಂದು ಹೇಳಿ ಕಳಿಸುತ್ತಿದ್ದರು. ಇವರು ರಿಪೋರ್ಟನ್ನು ಪೂರ್ತಿ ಓದಿ ಕೈಗೆ ವಾಪಸ್ ಕೊಟ್ಟರು. "ನನ್ನ ಲೆಕ್ಕ ಹಿಂಡಿಗ್ರಿ. ಹಿಂಡಿನ್ಯಾಗ ಎಷ್ಟು ಅಂತ ಹೇಳಬೋದು, ಯಾವುದು ಅಂತ ಹೇಳಾಕ ಬರಂಗಿಲ್ಲ. ನಿಮ್ಮ ಮಗಳು ಒಬ್ಬಾಕಿ ಅದಾಳ. ಆಕಿಗೆ ನಾ ಒಂದು ನಂಬರ್ ಹೇಳಿದ್ರ ಅದು ಸುಳ್ಳು ಆಗತೈತಿ. ಡಾಕ್ಟರ್ ಏನಂತಾರ ಅದನ್ನ ಕೇಳ್ರಿ." ಎದುರುಮನೆಯಾಕೆಗೆ ಸಿಟ್ಟು ಬಂತು. "ಏನ್ ಮಹಾ ಜಂಬ" ಎಂದು ಆಮೇಲೆ ನನ್ನ ಹತ್ತಿರ ಹೇಳಿದರು. ಮೇಡಂ ಅವತ್ತು ಇಡೀ ಮಧ್ಯಾಹ್ನ ನಡೆದರು.

ಇನ್ನು ಸ್ಲೈಡುಗಳ ವಿಷಯ. ಅವರ ಈಕ್ವೇಶನ್ ಸಿದ್ಧವಿತ್ತು, ಹೋಲಿಸಿ ನೋಡಲು ಓವರಿ ಬೇಕಿತ್ತು. ಮಾಂಸದಂಗಡಿಯಲ್ಲಿ ಓವರಿ ಸಿಗಬಹುದು, ಆದರೆ ಒಂದನ್ನು ಪೂರ್ತಿಯಾಗಿ, ಮೊದಲಿನಿಂದ ಕೊನೆಯವರೆಗೆ ಒಂದು ಪದರವೂ ತಪ್ಪದ ಹಾಗೆ ಕತ್ತರಿಸಿ ಗಾಜಿನ ಮೇಲೆ ಅಂಟಿಸುವ ತಾಳ್ಮೆ ಈಗ ಯಾರಿಗಿದೆ? ನನಗೆ ನೆನಪಾಯಿತು. ನಮ್ಮ ಅಟ್ಟದಲ್ಲಿ, ದಸರಾ ಗೊಂಬೆಗಳ ಟ್ರಂಕಿನ ಹಿಂದೆ, ನನ್ನ ಎಂ.ಫಿಲ್. ಕಾಲದ ಮರದ ಪೆಟ್ಟಿಗೆಗಳಿದ್ದವು. ಕುರಿಮರಿಯ ಓವರಿಯನ್ನು ಮೇಣದಲ್ಲಿ ಕೂರಿಸಿ, ಮೆಷಿನ್ನಿನಲ್ಲಿ ಕೂದಲಿಗಿಂತ ತೆಳುವಾಗಿ ಕೊಯ್ದು, ರಿಬ್ಬನ್ನಿನಂತೆ ಬರುವ ಆ ಚೂರುಗಳನ್ನು ಗಾಜಿನ ಮೇಲೆ ಸಾಲುಸಾಲಾಗಿ ಹಾಸಿ, ಬಣ್ಣ ಹಾಕಿಟ್ಟದ್ದು. ಆ ಕಾಲದಲ್ಲಿ ನನ್ನ ಗೈಡ್ ಅದನ್ನು ಒಮ್ಮೆ ನೋಡಿ "ವೆರಿ ನೀಟ್" ಎಂದಿದ್ದರು. ಆಮೇಲೆ ಅದು ಅಟ್ಟ ಸೇರಿತ್ತು.

ಪೆಟ್ಟಿಗೆ ತೆರೆದಾಗ ಮೇಡಂ ಒಂದು ಸ್ಲೈಡ್ ತೆಗೆದು ಬೆಳಕಿಗೆ ಹಿಡಿದರು. ಬಣ್ಣ ಮಾಸಿರಲಿಲ್ಲ. ನೇರಳೆ, ಗುಲಾಬಿ.

ಅಲ್ಲಿಂದ ಶುರುವಾಯಿತು ನಮ್ಮ ಡೈನಿಂಗ್ ಟೇಬಲ್ಲಿನ ಕೆಲಸ. ಪರಿಚಯದವರೊಬ್ಬರ ಲ್ಯಾಬಿನಲ್ಲಿ ಪ್ರತಿ ಶನಿವಾರ ಅವರು ಸ್ಲೈಡುಗಳ ಫೋಟೋ ತೆಗೆದು, ನಂಬರ್ ಹಾಕಿ, ಲ್ಯಾಪ್‌ಟಾಪಿನಲ್ಲಿ ತರುತ್ತಿದ್ದರು. ಒಂದೊಂದೇ ಫೋಟೋ ನೋಡಿ ಯಾವುದು ಮಲಗಿದೆ, ಯಾವುದು ಎದ್ದಿದೆ ಎಂದು ಹೇಳುವುದು ನನ್ನ ಕೆಲಸ. ಅದು ಸುಲಭ. ಮಲಗಿದ್ದರೆ ಸುತ್ತಲಿನ ಜೀವಕೋಶಗಳು ಚಪ್ಪಟೆ, ಹೊದಿಕೆ ಎಳೆದುಕೊಂಡ ಹಾಗೆ. ಎದ್ದಿದ್ದರೆ ಅವೇ ಉಬ್ಬಿ ಮಣಿಸರವಾಗಿರುತ್ತವೆ. "ಮಲಗಿದೆ. ಮಲಗಿದೆ. ಎದ್ದಿದೆ. ಇದು... ಈಗ ಏಳ್ತಾ ಇದೆ ನೋಡಿ, ಒಂದು ಮಗ್ಗುಲು ಮಾತ್ರ ಉಬ್ಬಿದೆ." ಅವರು ನನ್ನ ಹಿಂದೆ ನಿಂತೇ ಗುರುತು ಹಾಕಿಕೊಳ್ಳುತ್ತಿದ್ದರು. ನಮ್ಮವರು ಪೇಪರ್ ಆಚೆಯಿಂದ, "ಎದ್ದವರಿಗೆ ಕಾಫಿ ಕೊಡ್ರಪ್ಪಾ" ಎನ್ನುತ್ತಿದ್ದರು. ರಿಟೈರ್ ಆದ ಮೇಲೆ ನನ್ನನ್ನು ಯಾರಾದರೂ ಏನಾದರೂ ಕೇಳಿದ್ದರೆ ಅದು ಬಿಪಿ ಮಾತ್ರೆ ತೆಗೊಂಡೆಯಾ ಎಂದು. ಆ ಶನಿವಾರಗಳಿಗೆ ನಾನು ಕಾಯುತ್ತಿದ್ದೆ.

ಒಂದು ದಿನ ಮೆಟ್ಟಿಲ ಮೇಲೆ ದಡದಡ ಸದ್ದು. ಮೇಡಂ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಇಳಿದು ಬಂದಿದ್ದರು. "ಅಂತರ ಸಿಕ್ತ್ರಿ ಅಕ್ಕಾರ!" ಎದ್ದ ಫಾಲಿಕಲ್‌ಗಳು ಮನಸ್ಸಿಗೆ ಬಂದಲ್ಲಿ ಇಲ್ಲ, ಒಂದು ಎದ್ದರೆ ಇಂತಿಷ್ಟು ಪದರ ಬಿಟ್ಟು ಇನ್ನೊಂದು, ಮತ್ತೆ ಅಷ್ಟೇ ಬಿಟ್ಟು ಮಗದೊಂದು. ನಡುವೆ ಇರುವವು ಮಲಗಿವೆ. ಅಂದರೆ ಆ "ಮಲಗಿರು" ಎಂಬ ಮಾತು ಅಷ್ಟು ದೂರ ಕೇಳಿಸುತ್ತದೆ! ಅವರ ಈಕ್ವೇಶನ್ ಹೇಳಿದ್ದೂ ಅದನ್ನೇ. ಅವರ ಗೈಡ್ ಫೋನಿನಲ್ಲಿ ಕೂಗಾಡುವಷ್ಟು ಖುಷಿಪಟ್ಟರಂತೆ, ಇದೇ ಥೀಸಿಸ್ಸಿನ ಮುಖ್ಯ ಅಧ್ಯಾಯ ಎಂದರಂತೆ. ರಿಜಿಸ್ಟ್ರೇಶನ್ ಅವಧಿ ಮುಗಿಯುತ್ತಾ ಬಂದಿತ್ತು. ಆ ಬೇಸಿಗೆಯೊಳಗೆ ಸಬ್ಮಿಟ್ ಮಾಡದಿದ್ದರೆ ಪಿಎಚ್.ಡಿ. ಕೈಬಿಟ್ಟ ಹಾಗೆಯೇ, ಇನ್ನೊಮ್ಮೆ ಅವಕಾಶ ಕೊಡುವುದಿಲ್ಲ. ಅವರ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಆಗಲೇ "ಡಾಕ್ಟರ್ ಮೇಡಂ" ಎಂದು ರೇಗಿಸತೊಡಗಿದ್ದರಂತೆ. ಹೇಳುವಾಗ ಅವರ ಮುಖ ಕೆಂಪಾಗಿತ್ತು. ಡಾಕ್ಟರ್ ಎನಿಸಿಕೊಳ್ಳುವ ಆಸೆ ಅವರಿಗೆ ಎಷ್ಟಿತ್ತು ಎಂದು ನನಗೆ ಗೊತ್ತಾದದ್ದು ಆವತ್ತು.

ಶಿವರಾತ್ರಿ ಕಳೆದು ಬಿಸಿಲು ಬಲಿತ ಮೇಲೆ ನಾನು ಸಂಡಿಗೆ ಇಡುತ್ತೇನೆ. ನಮ್ಮವರ ಹಳೆಯ ಪಂಚೆಯನ್ನು ಒದ್ದೆ ಮಾಡಿ ಟೆರೇಸಿನಲ್ಲಿ ಹಾಸಿ, ಪಕ್ಕದಲ್ಲಿ ಸಬ್ಬಕ್ಕಿ ಗಂಜಿಯ ಪಾತ್ರೆ ಇಟ್ಟುಕೊಂಡು, ಮಣೆಯ ಮೇಲೆ ಕೂತು ಒಂದೊಂದೇ ಚಮಚ ಹಾಕುತ್ತಾ ಹೋಗುವುದು. ಮೇಡಂ ಎಂದಿನಂತೆ ಟ್ಯಾಂಕಿನ ಬದಿಯಲ್ಲಿ ನಡೆಯುತ್ತಿದ್ದರು. ಥೀಸಿಸ್ ಬೈಂಡಿಂಗಿಗೆ ಕೊಡಲು ಇನ್ನು ಸ್ವಲ್ಪವೇ ದಿನ ಉಳಿದಿತ್ತು. ಚಟ್ ಪಟ್, ಚಟ್ ಪಟ್. ನಾನು ಎರಡನೇ ಸಾಲಿಗೆ ಬಂದಿದ್ದೆ.

ಸದ್ದು ನಿಂತಿತು.

ತಲೆಯೆತ್ತಿ ನೋಡಿದರೆ ಅವರು ನನ್ನ ಪಂಚೆಯನ್ನೇ ದಿಟ್ಟಿಸುತ್ತಿದ್ದರು. "ಅಕ್ಕಾರ, ನೀವು ಎಡಗೈಯವರೇನ್ರಿ?"

ಚಮಚ ತಾನಾಗಿಯೇ ಬಲಗೈಗೆ ಬಂದುಬಿಟ್ಟಿತು. ಎಪ್ಪತ್ತು ದಾಟಿದ ಮೇಲೂ. ಕಾನ್ವೆಂಟಿನಲ್ಲಿ ಸಿಸ್ಟರ್ ಮರದ ರೂಲರಿನಿಂದ ಗೆಣ್ಣಿನ ಮೇಲೆ ಹೊಡೆದು ನನ್ನ ಬರವಣಿಗೆಯನ್ನು ಬಲಗೈಗೆ ತಂದರು. ಮನೆಯಲ್ಲಿ ಅಜ್ಜಿ, ಎಡಗೈಯಲ್ಲಿ ಕುಂಕುಮ ಕೊಡ್ತೀಯೇನೇ ಅಪಶಕುನದವಳೇ ಎಂದು ಕೊಡುವುದು, ತೆಗೆದುಕೊಳ್ಳುವುದು, ಉಣ್ಣುವುದೆಲ್ಲ ಬಲಗೈಗೆ ಸೇರಿಸಿದರು. ಯಾರೂ ನೋಡದ ಕೆಲಸಗಳಷ್ಟೇ ಎಡಗೈಗೆ ಉಳಿದುಕೊಂಡವು. ಇಷ್ಟು ವರ್ಷ ಜೊತೆಯಲ್ಲಿದ್ದ ನಮ್ಮವರೇ ಅದನ್ನು ಎಂದೂ ಗಮನಿಸಿದವರಲ್ಲ.

"ಸುಮ್ನೆ, ಇಂಥದ್ದಕ್ಕೆ ಮಾತ್ರ ಮೇಡಂ."

"ಬಲಗಡಿಂದ ಯಾಕ ಸುರು ಮಾಡೀರಿ?"

"ಹಾಕಿದ್ದರ ಮೇಲೆ ಕೈ ಉಜ್ಜಬಾರದಲ್ಲ. ಎಡಗೈಲಿ ಹಾಕೋವಾಗ ಬಲದಿಂದ ಬಂದ್ರೇನೇ ಸುಲಭ."

"ಸ್ಲೈಡ್ ಮ್ಯಾಲೆ ಚೂರು ಹಾಸಿದ್ದೂ ಇದೇ ಕೈಯಿಂದೇನ್ರಿ? ಹಿಂಗೇ?"

ಚಮಚವನ್ನು ಪಾತ್ರೆಗೆ ಹಾಕಿದೆ. ಲ್ಯಾಬಿನಲ್ಲಿ ನಾನೊಬ್ಬಳೇ ಇರುತ್ತಿದ್ದೆ. ಯಾರೂ ನೋಡುತ್ತಿರಲಿಲ್ಲ. "ಹೌದು ಮೇಡಂ," ಎಂದೆ. "ಹೀಗೇ."

ಮೇಡಂ ಕೂತುಬಿಟ್ಟರು. ಕಾದ ಟೆರೇಸಿನ ನೆಲದ ಮೇಲೆ, ಮಣೆಯಿಲ್ಲ, ಚಾಪೆಯಿಲ್ಲ, ಕಾಲು ಮಡಚಿ ಕೂತುಬಿಟ್ಟರು. ಅವರು ಕೂತದ್ದನ್ನು ನೋಡಿ ನನಗೆ ಏನೋ ಅನಾಹುತವಾಗಿದೆ ಎನಿಸಿತು.

ಆಗಿತ್ತು. ಅವರು ಸ್ಲೈಡನ್ನು ಪುಸ್ತಕ ಓದುವ ಹಾಗೆ ಎಡದಿಂದ ಬಲಕ್ಕೆ ಓದಿ ಫೋಟೋಗಳಿಗೆ ನಂಬರ್ ಹಾಕಿದ್ದರು. ಯಾರಾದರೂ ಹಾಗೇ ಓದುತ್ತಾರೆ. ನಾನು ಹಾಸಿದ್ದು ಬಲದಿಂದ ಎಡಕ್ಕೆ. ಸಾಲಿನ ಕೊನೆಯಲ್ಲಿ ತುಂಡಾಗಿ ಮುಂದಿನ ಸಾಲಿಗೆ ಹೋಗುವ ಪದವಿರುತ್ತದಲ್ಲ, ಪ್ರತಿ ಸಾಲನ್ನೂ ಹಿಂದುಮುಂದಾಗಿ ಓದಿದರೆ ಆ ಪದದ ಎರಡು ಚೂರೂ ಬೇರೆ ಬೇರೆ ಕಡೆ ಹೋಗಿ ಬೀಳುತ್ತವೆ. ಹಾಗೆಯೇ ಇಲ್ಲೂ ಆಗಿತ್ತು. ಮಲಗಿದವು ಚಿಕ್ಕವು, ಬಹುಪಾಲು ಒಂದೇ ಸಾಲಿನೊಳಗೆ ಮುಗಿದುಹೋಗುತ್ತವೆ. ಎದ್ದು ಬೆಳೆದದ್ದು ದೊಡ್ಡದು, ಎರಡು ಸಾಲಿಗೆ ಹರಡಿಕೊಂಡಿರುತ್ತದೆ. ಅದು ಹರಿದು ಎರಡಾಗಿ, ದೂರ ದೂರ ನಿಂತು, ಎರಡು ಫಾಲಿಕಲ್‌ಗಳಂತೆ ಕಂಡಿತ್ತು. ಹೀಗೆ ಪ್ರತಿ ಸಾಲಿನ ತುದಿಗೂ ಇಂಥ ಚೂರುಗಳು, ಎಲ್ಲಾ ಕಡೆಯೂ ಹೆಚ್ಚುಕಡಿಮೆ ಅಷ್ಟಷ್ಟೇ ಅಂತರದಲ್ಲಿ. ಕುರಿಯ ಓವರಿ ತನ್ನೊಳಗೆ ಇಟ್ಟುಕೊಂಡಿದ್ದ ಅಂತರ ಎಂದು ಅವರು ಕುಣಿದದ್ದು ನನ್ನ ಸ್ಲೈಡಿನ ಒಂದು ಸಾಲಿನ ಉದ್ದ.

ಗಂಜಿ ಪಾತ್ರೆಯಲ್ಲೇ ಗಟ್ಟಿಯಾಯಿತು. ನಾವಿಬ್ಬರೂ ಕೆಳಗಿಳಿಯಲಿಲ್ಲ.

"ಮೇಡಂ, ಬೈಂಡಿಂಗಿಗೆ ಕೊಡಿ," ಎಂದೆ ಕೊನೆಗೆ. "ಇದು ನಿಮಗೆ ಗೊತ್ತು, ನನಗೆ ಗೊತ್ತು. ಮೂರನೆಯವರಿಗೆ ಗೊತ್ತಾಗೋ ಚಾನ್ಸೇ ಇಲ್ಲ. ನಾನು ಬಾಯಿ ಬಿಡಲ್ಲ, ಪ್ರಾಮಿಸ್."

"ನೀವು ಬಿಡಂಗಿಲ್ರಿ. ನಂಗೊತ್ತು."

"ಮತ್ತೇನು? ಡಿಗ್ರಿ ಬರಲಿ. ಆಮೇಲೆ ನಿಧಾನಕ್ಕೆ ಸರಿ ಮಾಡಿ."

ಅವರ ಗೈಡೂ ಇದನ್ನೇ ಹೇಳಿದರು. ಸ್ಪೀಕರಿನಲ್ಲಿ ನನಗೂ ಕೇಳಿಸಿತು. "ಮೇಡಂ, ಮೆಥಡ್ ಸರಿ ಇದೆ, ಈಕ್ವೇಶನ್ ಸರಿ ಇದೆ. ಡೇಟಾದಲ್ಲಿ ಸಣ್ಣ ಪುಟ್ಟ ಇರುತ್ತೆ ಬಿಡಿ. ಎಕ್ಸಾಮಿನರ್ ಬಂದು ನಿಮ್ಮ ಓನರ್ ಆಂಟಿ ಲೆಫ್ಟಾ ರೈಟಾ ಅಂತ ಕೇಳ್ತಾರಾ? ಆ ಚಾಪ್ಟರ್ ತೆಗೆದ್ರೆ ಥೀಸಿಸ್ಸೇ ಇಲ್ಲ, ನಾನು ಸೈನ್ ಹಾಕೋಕಾಗಲ್ಲ."

ಮೇಡಂ ಫೋನಿಟ್ಟು ನಡೆಯತೊಡಗಿದರು. ಆ ವಾರ ಆ ಚಪ್ಪಲಿ ಸದ್ದಿನ ಕೆಳಗೆ ನಾವು ಊಟ ಮಾಡಿದೆವು, ಟೀವಿ ನೋಡಿದೆವು. ನಮ್ಮವರೂ ಈ ಸಲ ಮೈಸೂರಿನ ಮಾತು ಆಡಲಿಲ್ಲ. ನನಗೆ ಮೇಡಂ ಮೇಲೆ ಸಿಟ್ಟು ಬರತೊಡಗಿತ್ತು. ಇಷ್ಟೊಂದು ಆಸೆಪಟ್ಟದ್ದನ್ನು ಬಿಟ್ಟುಕೊಡುವಷ್ಟು ದೊಡ್ಡ ವಿಷಯವೇ ಒಂದು ಕೈ? ಮೇಲೆ ಹೋಗಿ ಜಗಳವನ್ನೇ ಆಡಿದೆ. "ನಿಮಗೆ ಜಂಬ ಮೇಡಂ. ಎದುರುಮನೆಯವರು ಹೇಳಿದ್ದು ಸರಿ."

ಅವರು ನಿಂತು ನನ್ನ ಮುಖ ನೋಡಿದರು. "ಎದುರುಮನಿ ಅಕ್ಕಾರಿಗೆ ಸುಳ್ಳು ನಂಬರ್ ಹೇಳಾಕ ಒಲ್ಲೆ ಅಂದವಳು, ನನಗ ನಾನ ಹ್ಯಾಂಗ ಹೇಳ್ಕೊಳ್ಳಲ್ರೀ?" ಆಮೇಲೆ ದನಿ ತಗ್ಗಿಸಿ, "ಆಸೆ ಐತ್ರಿ ಅಕ್ಕಾರ. ಇಲ್ಲ ಅಂತ ತಿಳೀಬ್ಯಾಡ್ರಿ" ಎಂದರು. ನಾನು ಇಳಿದು ಬಂದೆ.

ಆ ಬೇಸಿಗೆ ಕಳೆಯಿತು. ಥೀಸಿಸ್ ಬೈಂಡಿಂಗಿಗೆ ಹೋಗಲಿಲ್ಲ. ರಿಜಿಸ್ಟ್ರೇಶನ್ ಅವಧಿ ಮುಗಿದುಹೋಯಿತು. ಸ್ಟಾಫ್ ರೂಮಿನಲ್ಲಿ ಕೆಲವು ದಿನ ಕೇಳಿದರಂತೆ, ಆಮೇಲೆ ಬಿಟ್ಟರಂತೆ.

ಇದಾದ ಮೇಲೆ ಅವರು ಆ ಪೆಟ್ಟಿಗೆಗಳನ್ನು ನನಗೆ ವಾಪಸ್ ಕೊಟ್ಟು ಊರ ದಾರಿ ಹಿಡಿಯುತ್ತಾರೆ ಎಂದುಕೊಂಡಿದ್ದೆ. ಅವರು ಒಂದು ಶನಿವಾರ ಲ್ಯಾಪ್‌ಟಾಪ್ ಹಿಡಿದು ಡೈನಿಂಗ್ ಟೇಬಲ್ಲಿನ ಹಿಂದೆ ಬಂದು ನಿಂತರು. ಎಲ್ಲಾ ಫೋಟೋಗಳಿಗೂ ಹೊಸದಾಗಿ, ಬಲದಿಂದ ಎಡಕ್ಕೆ, ನಂಬರ್ ಹಾಕಿದ್ದರು. "ಅಕ್ಕಾರ, ಮೊದಲಿಂದ ನೋಡೂಣ್ರಿ." ಯಾರಿಗಾಗಿ, ಯಾವ ಡಿಗ್ರಿಗಾಗಿ ಎಂದು ನಾನು ಕೇಳಲಿಲ್ಲ. "ಮಲಗಿದೆ. ಮಲಗಿದೆ. ಎದ್ದಿದೆ."

ಎಲ್ಲಾ ಮುಗಿದಾಗ ಮತ್ತೆ ಮಳೆಗಾಲ. ಅಂತರ ಮಾಯವಾಗಿತ್ತು. ಎದ್ದವು ಎಲ್ಲೆಂದರಲ್ಲಿ ಎದ್ದಿದ್ದವು. ಒಂದರ ಮಗ್ಗುಲಲ್ಲೇ ಇನ್ನೊಂದು, ಆಮೇಲೆ ಬಹು ದೂರದವರೆಗೆ ಏನೂ ಇಲ್ಲ. ಎಷ್ಟು ಎದ್ದಿವೆ ಎಂಬುದು ಮಾತ್ರ ಅವರ ಈಕ್ವೇಶನ್ನಿಗೆ ಸರಿಯಾಗಿ ಕೂತಿತು. ಯಾವುದು ಎಂಬುದಕ್ಕೆ ಉತ್ತರವಿರಲಿಲ್ಲ. "ನಮ್ಮಪ್ಪನ ಗತಿನ ಆತ್ರಿ ನಂದೂ," ಎಂದರು. ನಗುತ್ತಿದ್ದರು.

ಅದನ್ನೆಲ್ಲ ಚಿಕ್ಕದಾಗಿ ಬರೆದು ಎಲ್ಲಿಗೋ ಕಳಿಸಿದರು. ಅಚ್ಚಾಯಿತೋ ಇಲ್ಲವೋ ನನಗೆ ತಿಳಿಯದು. ಒಂದು ಪ್ರಿಂಟ್ ನನಗೂ ಕೊಟ್ಟಿದ್ದರು. ಇಂಗ್ಲಿಷಿನಲ್ಲಿತ್ತು, ಮುಕ್ಕಾಲು ಪಾಲು ಈಕ್ವೇಶನ್. ಸ್ಲೈಡುಗಳ ವಿವರ ಬರುವಲ್ಲಿ, ಯಾವ ಬಣ್ಣ, ಎಷ್ಟು ದಪ್ಪ ಎಂಬುದರ ಜೊತೆಗೆ, ಇವನ್ನು ಹಾಸಿದವರು ಎಡಗೈ ಬಳಸುವವರು, ಆದ್ದರಿಂದ ಪ್ರತಿ ಸಾಲನ್ನೂ ಬಲದಿಂದ ಎಡಕ್ಕೆ ಓದಬೇಕು ಎಂದು ಒಂದು ವಾಕ್ಯ. ದೂರಿಲ್ಲ, ಹೊಗಳಿಕೆಯಿಲ್ಲ, ಬಣ್ಣದ ಹಾಗೆ, ದಪ್ಪದ ಹಾಗೆ ಅದೂ ಒಂದು ವಿವರ. ನನ್ನ ಬಗ್ಗೆ ಆ ಮಾತನ್ನು ಯಾರೂ ಅಷ್ಟು ಸಾದಾ ದನಿಯಲ್ಲಿ ಹೇಳಿರಲಿಲ್ಲ. ನಮ್ಮವರಿಗೆ ಓದಿ ಹೇಳಿದೆ. "ಹೌದೇನೇ? ನೀನು ಲೆಫ್ಟಾ?" ಎಂದು ಕನ್ನಡಕ ಏರಿಸಿ ನನ್ನ ಕೈ ನೋಡಿದರು.

ಮರುವರ್ಷ ಮೇಡಂ ರಿಟೈರ್ ಆದರು. ಊರಿನಲ್ಲಿ ತಂಗಿ ಇದ್ದರು, ಅಲ್ಲಿಗೆ ಹೊರಟರು. ಹೊರಡುವ ಬೆಳಿಗ್ಗೆ ಸಾಮಾನಿನ ಟೆಂಪೊ ಮೊದಲೇ ಹೋಗಿತ್ತು. ಇವರಿಗೆ ಬಸ್ ಸ್ಟ್ಯಾಂಡಿಗೆ ಕ್ಯಾಬ್ ಬಂದು ಗೇಟಿನ ಮುಂದೆ ನಿಂತಿತ್ತು. ಇವರು ಹತ್ತುತ್ತಿಲ್ಲ. ಅದು ನೋಡಿದರು, ಇದು ನೋಡಿದರು, ಟೆರೇಸಿಗೆ ಹೋಗಿ ಬಂದರು, ನಮ್ಮವರಿಗೆ ನಮಸ್ಕಾರ ಮಾಡಿದರು, ಮತ್ತೆ ಗೇಟಿನಿಂದ ಕ್ಯಾಬಿನವರೆಗೆ, ಕ್ಯಾಬಿನಿಂದ ಗೇಟಿನವರೆಗೆ. "ಮೇಡಂ, ಟ್ರಾಫಿಕ್ ಜಾಸ್ತಿ ಆಗತ್ತೆ, ಬೇಗ ಬನ್ನಿ" ಎಂದು ಡ್ರೈವರ್ ಗೊಣಗಿದ.

ಕೊನೆಗೆ ಹತ್ತಿ ಕೂತರು. ನಾನು ಒಳಗೆ ಓಡಿ ಆ ವರ್ಷದ ಸಂಡಿಗೆ ತಂದೆ. ದಾರಿಯಲ್ಲಿ ಮುರಿಯಬಾರದೆಂದು ಖಾಲಿ ಸ್ವೀಟ್ ಬಾಕ್ಸಿನಲ್ಲಿ ಸಾಲುಸಾಲಾಗಿ ಜೋಡಿಸಿ, ಮೇಲೆ ಪೇಪರ್ ಹಾಸಿದ್ದೆ. ಕಿಟಕಿಯಲ್ಲಿ ಕೊಡುವಾಗ ಬಾಕ್ಸ್ ಎಡಗೈಯಲ್ಲಿತ್ತು. ಗಮನಕ್ಕೆ ಬಂದು ಬಲಗೈಗೆ ಬದಲಾಯಿಸಲು ಹೋದೆ. ಅಷ್ಟರಲ್ಲಿ ಅವರು ಕೈ ಚಾಚಿ ನನ್ನ ಎಡಗೈಯಿಂದಲೇ ತೆಗೆದುಕೊಂಡುಬಿಟ್ಟಿದ್ದರು. ಮುಚ್ಚಳ ತೆರೆದು, ಪೇಪರ್ ಸರಿಸಿ, ಆ ಸಾಲುಗಳನ್ನು ನೋಡಿದರು.

"ಅಕ್ಕಾರ," ಎಂದರು, ಬಹಳ ಗಂಭೀರವಾಗಿ, "ಯಾ ಕಡಿಂದ ಕರಿಯಾಕ ಸುರು ಮಾಡ್ಲ್ರಿ?"

"ಬಲಗಡೆಯಿಂದ," ಎಂದೆ.

"ಹಂಗಂತೀರಿ? ನೋಡೂಣ್ರಿ," ಎಂದರು. ಕ್ಯಾಬ್ ಹಾವನೂರು ಸರ್ಕಲ್ ಕಡೆಗೆ ಹೊರಟಿತು. ಹಿಂದಿನ ಗಾಜಿನಲ್ಲಿ ಅವರ ತಲೆ ಕಾಣುತ್ತಿತ್ತು, ಬಾಕ್ಸಿನ ಮೇಲೆ ಬಾಗಿಕೊಂಡು, ತಿರುವಿನವರೆಗೂ ಅಲುಗಾಡದೆ.